ತೊಗಲು ಹೊದ್ದ ಮರಿ

“ಮೇಡಂ, ಅದು ಸಿದ್ಧ ಅಲ್ಲಂತ್ರಿ! ರಕ್ತ ಹೊಂದಲಿಲ್ಲಂತ. ಟಗರು ವಾಪಸ್ ಪಾಲಾಕ್ಷಪ್ಪಗ ಕೊಟ್ಟುಬಿಟ್ಟಾರ!”

ಹುಲುಗಣ್ಣ ಓಡುತ್ತ ಬಂದು ಮೊಬೈಲನ್ನು ಶಾಂತಕುಮಾರಿಯ ಮುಖದ ಮುಂದೆ ಹಿಡಿದ. ಶಾಂತಕುಮಾರಿ ಕಣ್ಣು ತೆರೆಯಲಿಲ್ಲ. ಕೋಗಳಿಯ ಹೊರವಲಯದ ಹೊಲದಲ್ಲಿ, ಬೇವಿನ ಮರದ ಬುಡಕ್ಕೆ ಹಾಸಿದ ಕರಿ ಕಂಬಳಿಯ ಮೇಲೆ, ಬೆಳಗಿನ ಎಂಟು ಗಂಟೆಗೇ ಆಕೆ ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದಳು.

ಈ ನಿದ್ದೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಳಾಗುವವರೆಗೆ ಮೂವತ್ತನಾಲ್ಕು ವರ್ಷ ಈ ಹರಪನಹಳ್ಳಿಯ ಹೆಂಗಸನ್ನು ಠಾಣೆಯವರೆಲ್ಲ ‘ನಿದ್ದೆ ಮೇಡಂ’ ಎಂದೇ ಕರೆದರು. ಎಚ್ಚರವಿದ್ದವರ ಕೈಗೆ ಸಿಗದ ಕಳ್ಳರು ಇವಳ ಅರೆನಿದ್ದೆಗೆ ಸಿಕ್ಕಿಬೀಳುತ್ತಿದ್ದರು. ಅದು ಹೇಗೆಂದು ಕೇಳಿದರೆ, “ನಂಗೇನು ಗೊತ್ತು, ಮಲಗಿದ್ದೆ” ಎನ್ನುತ್ತಿದ್ದಳು.

“ಪೂರ್ತಿ ಓದು,” ಎಂದಳು ಈಗ, ಕಣ್ಣು ಮುಚ್ಚಿಕೊಂಡೇ.

“ಏನೈತ್ರಿ ಓದಾಕ? ‘ಈ ಟಗರು ಈ ಮರಿಯ ತಂದೆಯಾಗಿರಲು ಸಾಧ್ಯವಿಲ್ಲ’ ಅಂತ ಕಡೀ ಸಾಲಿನಾಗ ಬರದಾರ. ಮಧ್ಯಾಹ್ನ ಹನ್ನೆರಡಕ್ಕ ಪಾಲಾಕ್ಷಪ್ಪ ಅದನ್ನ ಲಾರಿ ಹತ್ತಸ್ತಾನಂತ. ಎಲ್ಲಿಗೋ ಏನೋ. ಮುಗೀತು ನಮ್ದು.”

ಹನ್ನೆರಡು ದಿನಗಳ ಹಿಂದೆ ಹುಲುಗಣ್ಣನ ತಾಯಿ ಪಕ್ಕೀರಮ್ಮನ ಕುರಿಹಟ್ಟಿಯಿಂದ ಸಿದ್ಧ ಎಂಬ ಟಗರು ಕಾಣೆಯಾಗಿತ್ತು. ಅದರಂಥದೇ ಟಗರೊಂದನ್ನು ಹುಲುಗಣ್ಣ ಕಾನಹೊಸಹಳ್ಳಿಯ ವ್ಯಾಪಾರಿ ಪಾಲಾಕ್ಷಪ್ಪನ ಅಂಗಳದಲ್ಲಿ ಕಂಡು ದೂರು ಕೊಟ್ಟಿದ್ದ; ಶಾಂತಕುಮಾರಿಯನ್ನೂ ಸಹಾಯಕ್ಕೆಂದು ಹೊಲದಲ್ಲಿದ್ದ ಈ ಹಟ್ಟಿಗೆ ಕರೆತಂದಿದ್ದ. ಪೊಲೀಸರು ಆ ಟಗರಿನ ರಕ್ತವನ್ನೂ ಹಟ್ಟಿಯಲ್ಲಿದ್ದ ಸಿದ್ಧನ ಒಂದು ಮರಿಯ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಅದರ ಉತ್ತರ ನಿನ್ನೆ ಸಂಜೆ ಠಾಣೆಗೆ ಬಂದು, ಈಗ ಹುಲುಗಣ್ಣನ ಮೊಬೈಲಿಗೆ ಮುಟ್ಟಿತ್ತು.

ಒಂದು ಟಗರಿಗೆ ಇಷ್ಟೆಲ್ಲ ಯಾಕೆ? ಯಾಕೆಂದರೆ ಪಕ್ಕೀರಮ್ಮನ ಕುರಿಗಳು ಸಾಯುತ್ತಿದ್ದವು. ಮೊದಲು ಒಂದು ಕುರಿ ಬೇಲಿಯ ಗೂಟಕ್ಕೆ ಮೈ ತಿಕ್ಕುತ್ತ ನಿಂತಿತು. ತಿಕ್ಕಿ ತಿಕ್ಕಿ ಉಣ್ಣೆ ಉದುರಿತು, ತೊಗಲು ಕೆಂಪಾಯಿತು. ಆಮೇಲೆ ಕಾಲು ನಡುಗತೊಡಗಿತು. ಕೊನೆಗೆ ನೀರು ಕುಡಿಯಲು ಬಗ್ಗಿದ್ದು ಮೇಲೇಳಲೇ ಇಲ್ಲ. ಎರಡು ವರ್ಷದಲ್ಲಿ ಹಾಗೆ ಹನ್ನೊಂದು ಹೋದವು.

ಚಿಕ್ಕಹಗರಿ ತಳಿ ಕೇಂದ್ರ ಎಂಬ ಖಾಸಗಿ ಸಂಸ್ಥೆಯ ಡಾಕ್ಟರ್ ಕೋಮಲಾ ಬಂದು ನೋಡಿ ಹೇಳಿದ್ದಳು: ಇದು ಪ್ರಿಯಾನ್ ರೋಗ. ಇದಕ್ಕೆ ಕ್ರಿಮಿಯಿಲ್ಲ, ಔಷಧಿಯಿಲ್ಲ. ಮೈಯೊಳಗಿನದೇ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಳ್ಳುತ್ತದೆ, ಪಕ್ಕದ್ದನ್ನೂ ಹಾಗೇ ಮಡಚುತ್ತದೆ, ಹಾಗೆ ಮಿದುಳಿನ ತುಂಬ ಹಬ್ಬುತ್ತದೆ. ಆದರೆ ಎಲ್ಲ ಕುರಿಗೂ ಬರುವುದಿಲ್ಲ. ಪ್ರತಿ ಕುರಿಗೂ ಆ ಪ್ರೋಟೀನಿನ ಎರಡು ಎಳೆ ಇರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಕೆಲವು ಎಳೆ ಮೆತ್ತಗೆ, ಬೇಗ ಮಡಚಿಕೊಳ್ಳುತ್ತವೆ. ಕೆಲವು ಗಟ್ಟಿ, ಮಡಚಿಕೊಳ್ಳುವುದಿಲ್ಲ.

ಹಟ್ಟಿಯ ಕುರಿಗಳಲ್ಲಿ ಎರಡೂ ಎಳೆ ಗಟ್ಟಿಯಾಗಿದ್ದದ್ದು ಸಿದ್ಧನೊಬ್ಬನಿಗೇ. ಅವನು ಇದ್ದರೆ ಹುಟ್ಟುವ ಪ್ರತಿ ಮರಿಗೂ ಒಂದು ಗಟ್ಟಿ ಎಳೆ ಖಾತ್ರಿ. ಅವನು ಹೋದರೆ ಮೂರ್ನಾಲ್ಕು ವರ್ಷದಲ್ಲಿ ಪಕ್ಕೀರಮ್ಮನ ಹಟ್ಟಿಯೇ ಇರುವುದಿಲ್ಲ. ಇದು ಇಷ್ಟು ಸರಳ, ಇಷ್ಟು ಕಠಿಣ.

ಶಾಂತಕುಮಾರಿ ಇನ್ನೂ ಕಣ್ಣು ಮುಚ್ಚಿಯೇ ಇದ್ದಳು. ಹೊಲದ ಮೇಲೆ ಮಂಜು ಕೂತಿತ್ತು. ಹಳೇ ಬಸದಿ ಆ ಮಂಜಿನೊಳಗೆ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ಕುರಿಗಳ ಕೊರಳ ಗಂಟೆ ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು.

ಆ ಸದ್ದಿನ ಹಿಂದೆ ಅವಳು ಜಾರಿದಳು. ಮಂಜಿನೊಳಗಿಂದ ಕುರಿಗಳು ಒಂದೊಂದೇ ಬಂದು ಅವಳ ಕೈ ಕೆಳಗೆ ಹಾಯುತ್ತಿದ್ದವು. ಪ್ರತಿಯೊಂದರ ಕೊರಳಲ್ಲೂ ಎರಡು ಎಳೆ. ಅವಳು ಮುಟ್ಟಿ ನೋಡಿ ಬಿಡುತ್ತಿದ್ದಳು. ಸಿದ್ಧ ಬಂದ, ಎರಡೂ ಗಟ್ಟಿ. ಅವನ ಹಿಂದೆ ಒಂದು ಪುಟ್ಟ ಮರಿ ಬಂತು. ಅದರ ಎರಡೂ ಎಳೆ ಹತ್ತಿಯ ಹಾಗೆ ಮೆತ್ತಗಿದ್ದವು. ‘ನಿಮ್ಮಪ್ಪ ನಿನಗೇನೂ ಕೊಡಲಿಲ್ಲವೇನೋ?’ ಎಂದು ಕೇಳಿದಳು. ಮರಿ ಅವಳನ್ನೇ ನೋಡುತ್ತ ನಿಂತಿತು.

ಶಾಂತಕುಮಾರಿ ಎದ್ದು ಕೂತಳು.

“ಹುಲುಗಾ, ಕಡೀ ಸಾಲು ಬಿಡು. ಮೇಲಿನದು ಓದು. ಟಗರಿಗೆ ಏನು ಬಂದೈತೆ?”

ಹುಲುಗಣ್ಣ ಮೊಬೈಲಿನ ಮೇಲೆ ಬೆರಳು ಉಜ್ಜಿ ದೊಡ್ಡದು ಮಾಡಿದ. “ಎರಡೂ ಗಟ್ಟಿ ಅಂತೈತ್ರಿ.”

“ಮರಿಗೆ?”

“ಎರಡೂ ಮೆತ್ತಗ.”

“ಸಿದ್ಧಂಗೆ ಏನಿತ್ತು?”

“ಅವಂದೂ ಎರಡೂ ಗಟ್ಟಿನ ಅಲ್ರೀ. ಡಾಕ್ಟರಮ್ಮ ಯುಗಾದಿ ಮುಂದ ಹೇಳಿದ್ದು.”

“ಹಂಗಾದ್ರೆ ಈ ಮರಿ ಸಿದ್ಧಂದೂ ಅಲ್ಲ ಕಣೋ!” ಎಂದಳು ಶಾಂತಕುಮಾರಿ. “ಎರಡೂ ಗಟ್ಟಿ ಇರೋ ಅಪ್ಪ ಒಂದಾದ್ರೂ ಗಟ್ಟಿ ಎಳೆ ಕೊಡಬೇಕು. ಈ ಮರೀಗೆ ಒಂದೂ ಇಲ್ಲ. ಆ ಟಗರು ಸಿದ್ಧ ಅಲ್ಲ ಅಂತ ಈ ಕಾಗದ ಎಲ್ಲೂ ಹೇಳಿಲ್ಲ. ನಾವು ತಪ್ಪು ಮರೀನ ಕೊಟ್ಟೀವಿ.”

ಹುಲುಗಣ್ಣ ಕಾಗದವನ್ನು ಮೇಲಿನಿಂದ ಮತ್ತೆ ಓದತೊಡಗಿದ. ಕಾಗದವನ್ನು ಕೊನೆಯ ಸಾಲಿನಿಂದ ಓದುವುದು ನಮ್ಮ ಜನರ ಹಳೇ ಚಾಳಿ. ತೀರ್ಪು ಸಿಕ್ಕಿದ ಮೇಲೆ ಮೇಲಿನದು ಯಾರಿಗೂ ಬೇಡ.

ಬಲೆಯ ಬೇಲಿಯ ಆಚೆ ಪಕ್ಕೀರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಅರವತ್ತೈದು ದಾಟಿದ, ಒಣಕಲು ಮೈಯ, ಮಾತು ಕಡಿಮೆಯ ಹೆಂಗಸು. ತೊಡೆಯ ಮೇಲೆ ಅದೇ ಮರಿಯನ್ನು ಅಂಗಾತ ಹಾಕಿಕೊಂಡು, ಗೊರಸಿನ ಸಂದಿಯಿಂದ ಕೂದಲಿನಷ್ಟು ಸಣ್ಣ ಜಾಲಿ ಮುಳ್ಳನ್ನು ಎರಡು ಉಗುರಿನಲ್ಲಿ ಎಳೆದು ಬಿಸಾಕಿದಳು.

ಶಾಂತಕುಮಾರಿ ಹೋಗಿ ಪಕ್ಕದಲ್ಲಿ ಕೂತು ಮರಿಯ ಮೇಲೆ ಕೈಯಾಡಿಸಿದಳು. ಮೂರು ವಾರದ ಮರಿ. ಕೊರಳ ಸುತ್ತ, ಹೊಟ್ಟೆಯ ಸುತ್ತ ಸಣ್ಣ ದಾರದಷ್ಟು ಅಗಲಕ್ಕೆ ಉಣ್ಣೆ ಸವೆದಿತ್ತು. ಯಾವುದೋ ಹುರಿ ಕಟ್ಟಿ ಬಿಚ್ಚಿದ ಗುರುತು. ತಲೆಯೆತ್ತಿ ನೋಡಿದರೆ ಬೇಲಿಯ ಮೂಲೆಯ ಗೂಟದಲ್ಲಿ ಅಂಗೈ ಎರಡರಷ್ಟು ಅಗಲದ ತೊಗಲೊಂದು ಒಣಗಿ ಸುರುಟಿಕೊಂಡಿತ್ತು. ಅದಕ್ಕೂ ನಾಲ್ಕು ಮೂಲೆಯಲ್ಲಿ ಹುರಿಯ ತುಂಡು.

ಎಂಟು ದಿನದಿಂದ ಇವೆರಡೂ ಅವಳ ಕಣ್ಣ ಮುಂದೆಯೇ ಇದ್ದವು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

“ಪಕ್ಕೀರಕ್ಕ, ಇದಕ್ಕೆ ಸತ್ತ ಮರಿ ತೊಗಲು ಹೊದಿಸಿದ್ದಿಯಲ್ಲ?”

ಪಕ್ಕೀರಮ್ಮ ಮರಿಯ ಇನ್ನೊಂದು ಗೊರಸು ಹಿಡಿದು ಮುಳ್ಳು ಹುಡುಕತೊಡಗಿದಳು.

ಕುರಿ ಕಾಯುವವರಿಗೆ ಇದು ಹೊಸದಲ್ಲ. ಒಂದು ಕುರಿಯ ಮರಿ ಹುಟ್ಟಿದ ಕೂಡಲೇ ಸತ್ತಿದೆ, ಇನ್ನೊಂದು ಮರಿಯ ತಾಯಿ ಸತ್ತಿದೆ ಎಂದುಕೊಳ್ಳಿ. ಸತ್ತ ಮರಿಯ ತೊಗಲನ್ನು ಬಿಡಿಸಿ ತಬ್ಬಲಿಯ ಮೈಗೆ ಕಟ್ಟುತ್ತಾರೆ. ಕುರಿ ಬಾಲದ ಹತ್ತಿರ ಮೂಸುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ತೊಗಲು ಬಿಚ್ಚಿದರೂ ಅದು ತಾಯಿ, ಇದು ಮಗು.

“ತಬ್ಬಲಿ ಯಾರ ಮರಿ, ಅಕ್ಕ?”

“ಹಾಲುಂಡ ಮ್ಯಾಲೆ ಅದನ್ನ ಕೇಳಬಾರದ್ರಿ,” ಎಂದಳು ಪಕ್ಕೀರಮ್ಮ. “ಬಾಯಿ ಬಿಟ್ಟು ಹೇಳಿದ್ರ ತಾಯಿ ಕೆಚ್ಚಲು ಬತ್ತತೈತಿ. ನಮ್ಮತ್ತಿ ಕಾಲದಿಂದ ನಾವು ಹೇಳೋದಿಲ್ಲ.”

“ಯವ್ವಾ, ನಾನು ಹೇಳ್ತೀನಿ ತಗೋ,” ಎಂದು ಹುಲುಗಣ್ಣ ಬೇಲಿಯಾಚೆಯಿಂದ ಕೂಗಿದ. “ಹರಪನಹಳ್ಳಿ ಸಂತ್ಯಾಗ ಗಬ್ಬದ್ದು ತಂದಿದ್ವಲ್ಲ, ಹೋದ ತಿಂಗಳು ಸತ್ತಿತಲ್ಲ, ಅದರದ ಇರಬೇಕ್ರಿ ಮೇಡಂ. ಗಬ್ಬಾಗೋವಾಗ ಅದು ಸಿದ್ಧನ್ನ ಕಂಡೇ ಇರಲಿಲ್ಲ!”

ಪಕ್ಕೀರಮ್ಮ ಮಗನ ಕಡೆ ಒಂದು ಸಲ ನೋಡಿದಳು. ಆ ನೋಟ ಶಾಂತಕುಮಾರಿಗೆ ಅರ್ಥವಾಗಲಿಲ್ಲ. ಹಟ್ಟಿಯ ನೇಮ ಮುರಿದನಲ್ಲ ಎಂಬ ಬೇಸರವಿರಬೇಕು ಎಂದುಕೊಂಡಳು. ಪಾಪ, ಪೊಲೀಸರು ‘ಸಿದ್ಧನ ಮರಿ ಕೊಡು’ ಎಂದಾಗ ಮುದುಕಿ ಮನಸ್ಸಿನ ಲೆಕ್ಕದಲ್ಲಿ ಕೊಟ್ಟಿದ್ದಾಳೆ. ಸಿದ್ಧನಿಗೆ ಈದ ಕುರಿಯ ಹಾಲು ಕುಡಿದದ್ದು ಸಿದ್ಧನ ಮರಿ. ರಕ್ತಕ್ಕೆ ಆ ನೇಮ ಗೊತ್ತಿಲ್ಲ.

ಮರಿಯನ್ನು ಕೆಳಗೆ ಬಿಟ್ಟಾಗ ಅದು ಕುಣಿಯುತ್ತ ಹೋಯಿತು. ಎರಡೂ ಎಳೆ ಮೆತ್ತಗಿನ ಮರಿ. ಇನ್ನೆರಡು ಮೂರು ವರ್ಷಕ್ಕೆ ಇದಕ್ಕೂ ಆ ನವೆ ಬಂದರೂ ಬರಬಹುದು ಎಂದು ನೆನೆದ ಶಾಂತಕುಮಾರಿ ಅದು ಕುರಿಗಳ ನಡುವೆ ಮರೆಯಾಗುವವರೆಗೆ ನೋಡಿದಳು.

ಅವಳು ಎದ್ದು ಬೇವಿನ ಮರದ ಬುಡಕ್ಕೆ ಹೋಗಿ ಕೋಮಲಾಗೆ ಫೋನ್ ಮಾಡಿದಳು.

“ಸಾಧ್ಯವೇ ಇಲ್ಲ ಮೇಡಂ,” ಎಂದಳು ಕೋಮಲಾ ಎಲ್ಲ ಕೇಳಿಸಿಕೊಂಡು. ದನಿ ಯಾವತ್ತಿನ ಹಾಗೆ ಮೆತ್ತಗೆ, ಜೋಗುಳದ ಹಾಗೆ. “ಎರಡೂ ಗಟ್ಟಿ ಇರೋ ತಂದೆಗೆ ಹಾಗೆ ಎರಡೂ ಮೆತ್ತಗಿನ ಮರಿ ಹುಟ್ಟೋದೇ ಇಲ್ಲ. ನೀವು ಹೇಳಿದ್ದು ನೂರಕ್ಕೆ ನೂರು ಸರಿ.”

“ಎರಡೂ ಗಟ್ಟಿ ಇರೋವು ಬೇರೆ ಟಗರು ಈ ಕಡೆ ಎಷ್ಟು ಸಿಕ್ಕಾವೆ?”

“ಐದು ತಾಲೂಕಲ್ಲಿ ಇನ್ನೂರು ಟಗರು ನೋಡಿದೀನಿ. ಸಿದ್ಧ ಒಬ್ಬನೇ.” ಆಮೇಲೆ ಕೋಮಲಾಳೇ ಕೇಳಿದಳು: “ಹಾಗಾದ್ರೆ ಅದು ಸಿದ್ಧನೇ ಅಲ್ವಾ ಮೇಡಂ? ಈಗ ಠಾಣೆಯಲ್ಲೇ ಇದಾನಾ?”

“ಇಲ್ಲ, ನಿನ್ನೆ ಸಂಜೆ ಪಾಲಾಕ್ಷಪ್ಪಂಗೆ ವಾಪಸ್ ಕೊಟ್ಟುಬಿಟ್ಟಾರೆ. ಹನ್ನೆರಡಕ್ಕೆ ಲಾರಿ ಹತ್ತಿಸ್ತಾನಂತೆ. ಈಗ ಹೊರಟೆ ನಾನು.”

“ಹೋಗಿ ತಡೀರಿ ಮೇಡಂ. ದಯವಿಟ್ಟು ತಡೀರಿ.”

ಎಷ್ಟು ಅಕ್ಕರೆ ಈ ಹುಡುಗಿಗೆ ಎಂದುಕೊಂಡಳು ಶಾಂತಕುಮಾರಿ.

ಹುಲುಗಣ್ಣ ಗೂಡ್ಸ್ ಆಟೋ ತಂದ. ಅದು ತಳಿ ಕೇಂದ್ರದ್ದು. ಮೂರು ತಿಂಗಳ ಹಿಂದೆ ಕೋಮಲಾಳೇ ಅವನಿಗೆ ಅಲ್ಲಿ ಮೇವಿನ ಗಾಡಿ ಓಡಿಸುವ ಸಂಬಳದ ಕೆಲಸ ಕೊಡಿಸಿದ್ದಳು. ಶಾಂತಕುಮಾರಿ ಮುಂದೆ ಹತ್ತಿದಳು. ಗಾಡಿ ಹೊರಡುವಷ್ಟರಲ್ಲಿ ಪಕ್ಕೀರಮ್ಮ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಹಿಂದಿನ ಮೇವಿನ ಮೇಲೆ ಕೂತೇಬಿಟ್ಟಳು.

“ನೀ ಯಾಕಬೇ ಯವ್ವಾ? ಹಟ್ಟಿ ಯಾರು ನೋಡ್ತಾರ?”

“ಪಕ್ಕದ ಹಟ್ಟಿ ಬೊಮ್ಮಮ್ಮಗ ಹೇಳೇನಿ. ನಡಿ ನೀ.”

ಕೊಟ್ಟೂರು ದಾಟಿತು. ಕೂಡ್ಲಿಗಿ ದಾಟಿತು. ಮಂಜು ಕರಗಿ ಎಳೆ ಬಿಸಿಲು ಬಂತು. ಜೋಳದ ಹೊಲ, ಬೋಳು ಗುಡ್ಡ, ಮತ್ತೆ ಜೋಳದ ಹೊಲ. ಗಾಡಿಯ ತೂಗಾಟಕ್ಕೆ ಶಾಂತಕುಮಾರಿಯ ತಲೆ ಎದೆಗೆ ಬಿತ್ತು. ಆ ಸುಖದ ತೂಕಡಿಕೆಯಲ್ಲಿ ಒಂದೊಂದೇ ಚಿತ್ರ ಬಂದು ಹೋಯಿತು.

ಠಾಣೆಯ ಅಂಗಳದಲ್ಲಿ ಕಟ್ಟಿದ್ದ ಟಗರು. ಸಿದ್ಧನ ಎಡಗಿವಿಯಲ್ಲಿದ್ದ ಹಟ್ಟಿಯ ಕತ್ತರಿ ಗುರುತು ಇದಕ್ಕಿರಲಿಲ್ಲ; ಕಿವಿಯ ತುದಿಯನ್ನೇ ಸಮವಾಗಿ ಕೊಯ್ದಿತ್ತು. ಗಾಯಕ್ಕೆ ಬೇವಿನೆಣ್ಣೆ, ಅರಿಷಿಣ. ಎಷ್ಟು ಅಚ್ಚುಕಟ್ಟು! ಕಳ್ಳ ಕಿವಿ ಕೊಯ್ದ ಮೇಲೆ ಕೂತು ಅರಿಷಿಣ ಹಚ್ಚುತ್ತಾನೆಯೇ?

ಆಮೇಲೆ ಪಕ್ಕೀರಮ್ಮ. ‘ಇದು ನಿನ್ನ ಟಗರು ಹೌದೇನವ್ವ’ ಎಂದು ಪೊಲೀಸರು ಕೇಳಿದಾಗ, ‘ಕಣ್ಣಿಗೆ ಪೊರಿ ಬಂದೈತ್ರಿ, ಗುರುತು ಹತ್ತವಲ್ದು’ ಎಂದಿದ್ದಳು. ಕಣ್ಣಿಗೆ ಪೊರೆ. ಗೊರಸಿನಲ್ಲಿ ಮುಳ್ಳು. ಕೂದಲಿನಷ್ಟು ಸಣ್ಣ ಮುಳ್ಳು.

ಇವೆರಡರ ನಡುವೆ ಏನೋ ಒಂದು ಇತ್ತು. ಅದನ್ನು ಹಿಡಿಯಲು ಅವಳು ಕೈ ಚಾಚಿದಳು. ಅಷ್ಟರಲ್ಲಿ ಗಾಡಿ ಹೆದ್ದಾರಿ ಬಿಟ್ಟು ಕಾನಹೊಸಹಳ್ಳಿಯ ಒಳರಸ್ತೆಗೆ ಇಳಿದು ಗಕ್ಕನೆ ನಿಂತಿತು.

ಪಾಲಾಕ್ಷಪ್ಪನ ಅಂಗಳದಲ್ಲಿ ಲಾರಿ ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಹಲಗೆ ಇಳಿಜಾರು ಹಾಕಿತ್ತು. ಟಗರು ಇನ್ನೂ ಕೆಳಗೇ ಇತ್ತು, ಕರಿ ಮುಖ, ಬಿಳಿ ಮೈ, ಸುರುಳಿ ಕೊಂಬು. ಗಂಟೆ ಹತ್ತೂಮುಕ್ಕಾಲು.

ಪಾಲಾಕ್ಷಪ್ಪ ಎಪ್ಪತ್ತರ ಆಸುಪಾಸಿನವನು, ಬಿಳಿ ಮೀಸೆ, ತಲೆಗೆ ಕೆಂಪು ವಸ್ತ್ರ. ಟಗರುಗಳ ಜೊತೆ ಆಡುವಷ್ಟು ಮೃದು ಮಾತು ಮನುಷ್ಯರ ಜೊತೆ ಆಡುವವನಲ್ಲ ಎಂದು ಊರಲ್ಲಿ ಹೆಸರು. ಪಕ್ಕೀರಮ್ಮನ ಗಂಡ ಗಾದಿಲಿಂಗಪ್ಪ ಬದುಕಿದ್ದಾಗ ಒಂದು ಹುಲ್ಲುಗಾವಲಿನ ಸಲುವಾಗಿ ಇಬ್ಬರೂ ಕೈ ಕೈ ಮಿಲಾಯಿಸಿದ್ದರು. ಅವತ್ತಿನಿಂದ ಒಂಬತ್ತು ವರ್ಷ ಎರಡು ಮನೆಗೂ ಮಾತಿಲ್ಲ, ನೀರಿಲ್ಲ.

“ಬರ್ರಿ ನಿದ್ದಿ ಮೇಡಂ. ಚಾ ಕುಡೀತೀರೇನು?”

“ಟಗರು ಕೆಳಗೇ ಇರ್ಲಿ ಪಾಲಾಕ್ಷಪ್ಪ. ಆಮೇಲೆ ಚಾ.”

“ಕಾಗದ ನೋಡ್ಲಿಲ್ಲೇನ್ರಿ? ಸಿದ್ಧ ಅಲ್ಲಂತ ಸರ್ಕಾರದವರ ಬರಕೊಟ್ಟಾರ.”

“ಕಾಗದ ನೀನು ಪೂರ್ತಿ ಓದಿಲ್ಲ. ಪೂರ್ತಿ ಓದಿದ್ರೆ ಹಿಂಗೆ ನಿರಾಳ ನಿಂತಿರ್ತಿರ್ಲಿಲ್ಲ.”

ಅವಳು ನಿಧಾನವಾಗಿ, ಒಂದೊಂದೇ ಬೆರಳು ಮಡಚುತ್ತ ಹೇಳಿದಳು. ಐದು ತಾಲೂಕಿನಲ್ಲಿ ಎರಡೂ ಎಳೆ ಗಟ್ಟಿ ಇರುವ ಟಗರು ಒಂದೇ. ಇದಕ್ಕೂ ಎರಡೂ ಗಟ್ಟಿ. ಪರೀಕ್ಷೆಗೆ ಹೋದ ಮರಿ ಸಿದ್ಧನದೇ ಅಲ್ಲ, ತೊಗಲು ಹೊದ್ದ ತಬ್ಬಲಿ. ಸಿದ್ಧನ ಖಾಸಾ ಮರಿಗಳು ಹಟ್ಟಿಯಲ್ಲಿ ಇನ್ನೂ ಒಂಬತ್ತಿವೆ. ನಾಳೆ ಅವುಗಳ ರಕ್ತ ತೆಗೆಸಿದರೆ ನಾಡಿದ್ದು ಸತ್ಯ ಹೊರಗೆ.

“ಕಿವಿ ಗುರುತು ಕೊಯ್ದೆ. ಸಂತೇಲಿ ಕೊಂಡೆ ಅಂತ ಚೀಟಿ ಮಾಡಿಸಿದೆ. ಎಲ್ಲಾ ಸರಿ. ರಕ್ತ ಕೊಯ್ಯಕ್ಕೆ ಆಗ್ಲಿಲ್ಲ ನಿನಗೆ.”

ಪಾಲಾಕ್ಷಪ್ಪ ಹೆದರುತ್ತಾನೆ, ಇಲ್ಲವೇ ಕೂಗಾಡುತ್ತಾನೆ ಎಂದು ಅವಳು ಕಾದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಕಂಡ ಕಳ್ಳರು ಎರಡರಲ್ಲಿ ಒಂದು ಮಾಡಿದ್ದರು. ಇವನು ಎರಡೂ ಮಾಡಲಿಲ್ಲ. ಅವನ ಮುಖದಲ್ಲಿ ಸಂಕಟವೊಂದು ಕಂಡಿತು. ಅವಳ ಹೆಗಲಿನಾಚೆ, ಮೇವಿನ ಗಾಡಿಯ ಕಡೆಗೆ ನೋಡಿದ.

“ಹೇಳ್ಲೇನ ತಂಗಿ?” ಎಂದ.

ಒಂಬತ್ತು ವರ್ಷ ಮಾತಿಲ್ಲದ ಮನೆ!

ಪಕ್ಕೀರಮ್ಮ ಗಾಡಿಯಿಂದ ಇಳಿದಳು. ಅವಳು ಕರೆಯಲಿಲ್ಲ, ಸದ್ದು ಮಾಡಲಿಲ್ಲ. ಟಗರು ತಾನೇ ಹಗ್ಗ ಎಳೆದುಕೊಂಡು ಬಂದು ಅವಳ ಮುಷ್ಟಿಯೊಳಗೆ ಮೂತಿ ತೂರಿಸಿತು. ಮುಷ್ಟಿಯೊಳಗೆ ಜೋಳವಿತ್ತು.

“ಕಳುವಾಗಿಲ್ಲರೀ ಪೊಲೀಸಮ್ಮ,” ಎಂದಳು ಪಕ್ಕೀರಮ್ಮ. “ನಾನ ತಂದು ಕಟ್ಟೇನಿ. ಕಿವೀನೂ ನಾನ ಕೊಯ್ದೇನಿ.”

ಶಾಂತಕುಮಾರಿ ಹತ್ತಿರವಿದ್ದ ಕಲ್ಲಿನ ಮೇಲೆ ಕೂತಳು. ಅರಿಷಿಣ, ಪೊರೆ, ಮುಳ್ಳು ಎಲ್ಲವೂ ಒಂದೇ ಸಲ ಬಂದು ಅವಳ ಮುಂದೆ ನಿಂತವು. ನಾಚಿಕೆಯಾಯಿತು. ಕುರಿಗಳ ಮುಖ ಕತ್ತಲಲ್ಲೂ ಗುರುತಿಸುವ ಹೆಂಗಸು ‘ಗುರುತು ಹತ್ತವಲ್ದು’ ಎಂದಾಗ ನಂಬಿದ್ದಳಲ್ಲ!

“ಮರಿ? ಅದನ್ನೂ ಬೇಕಂತಲೇ ಕೊಟ್ಟೆಯಾ?”

“ಹೂಂ. ರಕ್ತ ಹೊಂದಬಾರದಾಗಿತ್ತು. ಕಾಗದದಾಗ ಸಿದ್ಧ ಅಲ್ಲಂತ ಬಂದ್ರ, ಆಮ್ಯಾಲೆ ಯಾರೂ ಇವನ್ನ ಹುಡುಕೋದಿಲ್ಲ. ಇವತ್ತು ನೀಲಗುಂದಕ್ಕ ಹೊಂಟಿದ್ದ. ಪಾಲಾಕ್ಷಪ್ಪನ ತಂಗಿ ಮನಿಗಿ. ಅಲ್ಲಿ ಒಂದು ವರ್ಷ ಇದ್ರ ಸಾಕಾಗಿತ್ತು.”

“ಯವ್ವಾ!” ಹುಲುಗಣ್ಣನ ದನಿ ಒಡೆಯಿತು. “ಹನ್ನೆರಡು ದಿನ ನಾನು ಅನ್ನ ಬಿಟ್ಟು ತಿರುಗೇನಿ. ನನಗಾರ ಒಂದು ಮಾತು ಹೇಳಬಾರದಾ?”

“ನಿನಗ ಹೆಂಗ ಹೇಳ್ಲಿ? ಅವರ ಉಪ್ಪು ತಿನ್ನಾಕತ್ತೀಯಲ್ಲ ನೀ.”

ಮಗನ ಮುಖ ನೋಡಲಾಗದೆ ಅವಳು ಟಗರಿನ ಕೊಂಬು ಸವರಿದಳು. ಹೆತ್ತ ಮಗನಿಗೇ ಸುಳ್ಳಾಡಿದ ಹನ್ನೆರಡು ದಿನ ಅವಳ ಮುಖದ ಮೇಲೆ ಹನ್ನೆರಡು ವರ್ಷದಷ್ಟು ಕಾಣುತ್ತಿದ್ದವು.

“ಯಾರ ಉಪ್ಪು?” ಎಂದಳು ಶಾಂತಕುಮಾರಿ. ಉತ್ತರ ಗೊತ್ತಾಗತೊಡಗಿತ್ತು, ಆದರೆ ಕೇಳಲೇಬೇಕಿತ್ತು.

“ಡಾಕ್ಟರಮ್ಮಂದ್ರಿ.” ಪಕ್ಕೀರಮ್ಮ ಇಷ್ಟು ಉದ್ದ ಮಾತಾಡಿದ್ದನ್ನು ಶಾಂತಕುಮಾರಿ ಕೇಳಿಯೇ ಇರಲಿಲ್ಲ. “ಅಕಿ ಮೂರು ಸಲ ಹಟ್ಟಿಗಿ ಬಂದಾಳ. ಮೊದಲೆರಡು ಸಲ ಸೂಜಿ ಖಾಲಿ ಬಂತು, ರಕ್ತ ತುಂಬಿಕೊಂಡು ಹೋತು. ಮೂರನೇ ಸಲ ಸೂಜಿ ತುಂಬಿಕೊಂಡ ಬಂತು. ನೋಡಿದೆ ನಾನು. ನನಗ ಪೊರಿ ಬಂದಿಲ್ಲ.”

“ಲಸಿಕೆ ಇರಬಹುದು ಅಕ್ಕ. ವಿಟಮಿನ್ ಇರಬಹುದು.”

“ನಾನೂ ಹಂಗ ಅಂದೆ. ‘ಏನ್ರೀ ಅಮ್ಮ ಅದು’ ಅಂತ ಕೇಳಿದೆ. ‘ರಕ್ತ ತಗೀತೀನಿ’ ಅಂದ್ಲು. ತುಂಬಿದ ಸೂಜ್ಯಾಗ ರಕ್ತ ತಗೀತಾರೇನ್ರಿ? ಅವಸರ ಮಾಡಿದ್ಲು. ಸಿದ್ಧ ಬೆದರಿ ಕೊಸರಿದ. ಸೂಜಿ ಜಾರಿ, ಪಕ್ಕದಾಗ ನಿಂತ ಕುರಿಗಿ ಚುಚ್ಚಿತು. ಅವತ್ತು ಮಧ್ಯಾಹ್ನಕ್ಕ ಆ ಕುರಿ ಸತ್ತಿತು. ತಿಕ್ಕಲಿಲ್ಲ, ನಡುಗಲಿಲ್ಲ. ನಿಂತಲ್ಲೇ ಬಿತ್ತು. ಹರಪನಹಳ್ಳಿ ಸಂತಿ ಕುರಿ. ಆ ತಬ್ಬಲಿ ಮರಿ ತಾಯಿ.”

ಬಿಸಿಲು ಅಂಗಳದ ಮೇಲೆ ಹಾಲಿನ ಹಾಗೆ ಹರಡಿತ್ತು. ಟಗರುಗಳು ಮೆಲುಕು ಹಾಕುತ್ತಿದ್ದವು. ಇದೂ ಒಂದು ತೂಕಡಿಕೆಯಾಗಿದ್ದರೆ, ಈಗ ಯಾರಾದರೂ ಎಬ್ಬಿಸಿದರೆ ಎಷ್ಟು ಚೆನ್ನ ಎಂದು ಶಾಂತಕುಮಾರಿಗೆ ಅನ್ನಿಸಿತು.

“ಠಾಣೇಲಿ ಯಾಕೆ ಹೇಳ್ಲಿಲ್ಲ?”

“ಡಾಕ್ಟರು ಒಂದು ಮಾತು, ಕುರಿ ಕಾಯಾಕಿ ಒಂದು ಮಾತು. ಯಾವುದನ್ನ ಕೇಳ್ತಾರ್ರಿ? ಅದಕ್ಕ ನಮ್ಮ ವೈರಿ ಮನಿ ಬಾಗಲಿಗೆ ಬಂದೆ. ಇಲ್ಲಿ ಐತಂತ ಯಾರೂ ಅನ್ಕೊಳ್ಳೋದಿಲ್ಲಂತ ಬಂದೆ.” ಅವಳು ಪಾಲಾಕ್ಷಪ್ಪನ ಕಡೆ ನೋಡಿದಳು. “ಈ ಪುಣ್ಯಾತ್ಮ ಒಂದು ಮಾತೂ ಕೇಳ್ಲಿಲ್ಲ. ಹಗ್ಗ ಇಸಕೊಂಡ.”

ಪಾಲಾಕ್ಷಪ್ಪ ಮೀಸೆಯ ಮೇಲೆ ಕೈ ಹಾಕಿ ಬೇರೆ ಕಡೆ ತಿರುಗಿದ.

“ಅಲ್ಲ, ಆ ಹುಡುಗಿಗೆ ಇದನ್ನ ಕೊಂದು ಏನು ಬರೋದೈತೆ? ಸಿದ್ಧನ್ನ ಕಂಡುಹಿಡಿದದ್ದೇ ಅವಳು.”

“ಅದನ್ನ ನೀವು ಕಂಡುಹಿಡೀರಿ,” ಎಂದ ಪಾಲಾಕ್ಷಪ್ಪ. “ಟಗರು ಎಲ್ಲಿ ಐತಿ ಅನ್ನೋದನ್ನ ಕಂಡುಹಿಡಿಯೋ ಬದ್ಲಿ.”

ಆ ಮಾತು ನೇರ ಎದೆಗೆ ನಾಟಿತು. ಹೌದು, ಬೆಳಿಗ್ಗೆ ತಾನೇ ಆ ಕಾಗದವನ್ನು ಒಡೆದು ಸತ್ಯ ಹೊರಗೆ ಹಾಕಿದ್ದಳು. ಎಷ್ಟು ಖುಷಿಯಾಗಿತ್ತು ಆಗ! ಒಬ್ಬ ಮುದುಕಿ ಹನ್ನೆರಡು ದಿನ ಉಸಿರು ಬಿಗಿಹಿಡಿದು ಕಟ್ಟಿದ್ದನ್ನು ತಾನು ಒಂದು ತೂಕಡಿಕೆಯಲ್ಲಿ ಬಿಚ್ಚಿಬಿಟ್ಟಿದ್ದಳು.

“ಪೊಲೀಸಮ್ಮ,” ಎಂದಳು ಪಕ್ಕೀರಮ್ಮ ಮೆಲ್ಲಗೆ. ಅವಳ ದನಿಯಲ್ಲಿ ಮೊದಲ ಬಾರಿಗೆ ಭಯವಿತ್ತು. “ಬೇವಿನ ಮರದ ಬುಡಕ ಫೋನಿನಾಗ ಮಾತಾಡಿದ್ರಲ್ಲ ನೀವು. ದೂರ ಇದ್ದೆ, ಕೇಳ್ಲಿಲ್ಲ. ಯಾರಿಗೆ ಮಾಡಿದ್ರಿ?”

ಶಾಂತಕುಮಾರಿ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. ಹೇಳಬೇಕಾದ ಅಗತ್ಯವಿರಲಿಲ್ಲ; ಪಕ್ಕೀರಮ್ಮ ಅವಳ ಮುಖ ನೋಡಿಯೇ ತಿಳಿದುಕೊಂಡಳು. ಟಗರಿನ ಕೊರಳಿಗೆ ಎರಡೂ ಕೈ ಹಾಕಿ ಹಾಗೇ ನೆಲಕ್ಕೆ ಕುಸಿದು ಕೂತಳು.

ಪಾಲಾಕ್ಷಪ್ಪ ಇನ್ನೊಂದು ಮಾತಿಗೆ ಕಾಯಲಿಲ್ಲ. “ಏ ಹುಲುಗ, ಹಿಂದ ಹಿಡಿಯೋ!” ಎಂದು ಕೂಗಿ ಹಗ್ಗ ಎಳೆದ. ಹುಲುಗಣ್ಣ ಒಂದು ಗಳಿಗೆ ನಿಂತ. ತನ್ನ ಸಂಬಳದ ಗಾಡಿಯನ್ನೂ ತಾಯಿಯನ್ನೂ ನೋಡಿದ. ಆಮೇಲೆ ಟಗರಿನ ಹಿಂಗಾಲು ಅಪ್ಪಿ ಹಲಗೆಯ ಮೇಲೆ ತಳ್ಳಿದ. ಪಾಲಾಕ್ಷಪ್ಪ ಲಾರಿಯ ಮುಂದಕ್ಕೆ ಓಡಿ ಎಂಜಿನ್ ಚಾಲೂ ಮಾಡಿದ.

ಆಗಲೇ ಶಾಂತಕುಮಾರಿಯ ಫೋನ್ ಹೊಡೆದುಕೊಂಡಿತು. ಕೋಮಲಾ. ಎತ್ತದಿದ್ದರೆ ಅವಳಿಗೆ ಅನುಮಾನ. ಎತ್ತಿದರೆ ಏನು ಹೇಳುವುದು? ಎತ್ತಿದಳು.

“ಮೇಡಂ, ನಾನು ಹೆದ್ದಾರಿ ಬಿಟ್ಟು ಊರೊಳಗೆ ಬಂದೆ,” ಎಂದಿತು ಆ ಜೋಗುಳದ ದನಿ. “ಪಾಲಾಕ್ಷಪ್ಪನ ಅಂಗಳ ಯಾವ ಕಡೆ? ಸಿದ್ಧ ಇದಾನೆ ತಾನೇ?”

“ಇಲ್ಲ ಡಾಕ್ಟ್ರೇ, ತಡವಾಯ್ತು,” ಎಂದಳು ಶಾಂತಕುಮಾರಿ. “ನಾವು ಬರೋ ಹೊತ್ತಿಗೆ ಲಾರಿ ಹೋಗೇ ಬಿಟ್ಟಿತ್ತು.”

ಆಚೆ ಕಡೆ ಕಾರಿನ ಎಂಜಿನ್ ಆರಿತು.

“ಹೌದಾ,” ಎಂದಳು ಕೋಮಲಾ ನಿಧಾನವಾಗಿ. “ಹಾಗಾದ್ರೆ ನಿಮ್ಮ ಪಕ್ಕದಲ್ಲಿ ಸದ್ದು ಮಾಡ್ತಿರೋ ಆ ಲಾರಿ ಯಾವುದು ಮೇಡಂ?”